ಷರತ್ತನ್ನು ಕೋಡಿನಲ್ಲೇ ಬರೆಯಲು ಬಿಡಿ
ತಂತ್ರಾಂಶ ತಂಡಗಳ ಮುಖ್ಯಸ್ಥರಿಗೊಂದು ಬಹಿರಂಗ ಪತ್ರ



ರಿಲೀಸ್ ಹತ್ತಿರ ಬಂದಾಗ ನೀವು ಹೇಳುವ ಒಂದು ಮಾತಿನ ಬಗ್ಗೆ ಈ ಪತ್ರ. “ಈ ಅಸರ್ಟ್‌ಗಳನ್ನೆಲ್ಲ ತೆಗೆದುಬಿಡಿ, ಅಷ್ಟು ದೊಡ್ಡ ಸಂಖ್ಯೆ ಅಲ್ಲಿಗೆ ಬರುವುದೇ ಇಲ್ಲ.” ಅಸರ್ಟ್ ಎಂದರೆ ಷರತ್ತನ್ನು ಪರಿಶೀಲಿಸುವ ಸಾಲು. ನಿಮ್ಮ ಮೇಲಿರುವ ಗಡುವಿನ ಒತ್ತಡ ನನಗೆ ಗೊತ್ತು. ಆದರೂ ಇದೇ ಲೆಕ್ಕಾಚಾರ ಒಮ್ಮೆ ಒಂದು ರಾಕೆಟ್ಟನ್ನು ನುಂಗಿದೆ.

1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂವಿನಿಂದ ಹಾರಿದ ಮೊದಲ ಏರಿಯಾನ್ 5, ಹಾರಾಟದ ಕ್ರಮ ಶುರುವಾದ ಸುಮಾರು 40 ಸೆಕೆಂಡಿಗೆ, 3,700 ಮೀಟರ್ ಎತ್ತರದಲ್ಲಿ ದಾರಿ ತಪ್ಪಿ ಚೂರಾಯಿತು. ಜೊತೆಗೆ ನಾಲ್ಕು ಕ್ಲಸ್ಟರ್ ಉಪಗ್ರಹಗಳೂ ಹೋದವು. ದಿಕ್ಕು ಹೇಳುವ ವ್ಯವಸ್ಥೆಯ ತಂತ್ರಾಂಶ ಏರಿಯಾನ್ 4ರಿಂದ ಬಂದದ್ದು. ಅದರಲ್ಲಿ 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕವಾಗಿ ಬದಲಿಸಬೇಕಿತ್ತು. ಅಲ್ಲಿ ಹಿಡಿಯುವುದು ಹೆಚ್ಚೆಂದರೆ 32,767. ಹೊಸ ರಾಕೆಟ್ಟಿನ ಅಡ್ಡವೇಗ ಹಳೆಯದಕ್ಕಿಂತ ಐದು ಪಟ್ಟು ಬೇಗ ಏರುತ್ತಿತ್ತು. ಸಂಖ್ಯೆ ಮಿತಿ ದಾಟಿತು, ಕಂಪ್ಯೂಟರ್ ಕೆಲಸ ನಿಲ್ಲಿಸಿತು. ಅದೇ ತಂತ್ರಾಂಶವಿದ್ದ ಬದಲಿ ಕಂಪ್ಯೂಟರ್ ಅದೇ ಕಾರಣಕ್ಕೆ ಅದಕ್ಕೂ ಸ್ವಲ್ಪ ಮೊದಲೇ ನಿಂತಿತ್ತು.

ಆಮೇಲೆ ತನಿಖಾ ಸಮಿತಿ ಕಂಡುಕೊಂಡದ್ದನ್ನು ದಯವಿಟ್ಟು ನಿಧಾನವಾಗಿ ಓದಿ. ಹೀಗೆ ಮಿತಿ ದಾಟಬಹುದಾದ ಏಳು ಚರಗಳಿದ್ದವು. ನಾಲ್ಕಕ್ಕೆ ರಕ್ಷಣೆ ಕೊಟ್ಟರು, ಮೂರನ್ನು ಬಿಟ್ಟರು. ಕಂಪ್ಯೂಟರಿನ ಕೆಲಸದ ಹೊರೆ ಶೇ. 80 ಮೀರಬಾರದು ಎಂಬುದು ಕಾರಣ. ಏರಿಯಾನ್ 4ಕ್ಕೆ ಆ ತೀರ್ಮಾನ ಸರಿಯಾಗಿಯೇ ಇತ್ತು. ಆದರೆ ಅದಕ್ಕೆ ಕೊಟ್ಟ ಸಮರ್ಥನೆಯ ಸುಳಿವು ಕೋಡಿನೊಳಗೆ ಎಲ್ಲೂ ಇರಲಿಲ್ಲ. ದಾಖಲೆಗಳ ರಾಶಿಯಲ್ಲಿ ಹೂತುಹೋಗಿತ್ತು. ಕೋಡ್ ಹೊಸ ರಾಕೆಟ್ಟಿಗೆ ಬಂತು, ಅದರ ಷರತ್ತು ಹಿಂದೆಯೇ ಉಳಿಯಿತು.

ಕರಾರುಬದ್ಧ ವಿನ್ಯಾಸ ಕೇಳುವುದು ಇಷ್ಟನ್ನೇ. ಬರ್ಟ್ರಾಂಡ್ ಮೇಯರ್ ತಮ್ಮ ಐಫಲ್ ಭಾಷೆಯಲ್ಲಿ ಇದನ್ನು ತಂದದ್ದು 1980ರ ದಶಕದಲ್ಲಿ. ಪ್ರತಿ ಫಂಕ್ಷನ್ ತಾನು ಯಾವ ಷರತ್ತಿನ ಮೇಲೆ ಕೆಲಸ ಮಾಡುತ್ತೇನೆ, ಮುಗಿದಾಗ ಏನನ್ನು ಖಾತರಿಪಡಿಸುತ್ತೇನೆ ಎಂದು ಕೋಡಿನಲ್ಲೇ ಹೇಳಬೇಕು. ಹಣ ವರ್ಗಾಯಿಸುವ ಫಂಕ್ಷನ್ ನೋಡಿ: ಮೊತ್ತ ಸೊನ್ನೆಗಿಂತ ಹೆಚ್ಚಿರಬೇಕು, ಖಾತೆಯಲ್ಲಿ ಅಷ್ಟು ಹಣವಿರಬೇಕು, ಮುಗಿದ ಮೇಲೆ ಎರಡೂ ಖಾತೆಗಳ ಒಟ್ಟು ಮೊತ್ತ ಒಂದು ಪೈಸೆಯೂ ಬದಲಾಗಿರಬಾರದು. ಮೂರು ಸಾಲು. ಆರು ತಿಂಗಳ ನಂತರ ಆ ಕೋಡ್ ಕೈಗೆ ಬಂದ ಹೊಸ ಹುಡುಗಿಗೆ ಯಾರನ್ನೂ ಕೇಳುವ ಅಗತ್ಯವಿಲ್ಲ.

ಷರತ್ತು ಬರೆದಿದ್ದರೂ ಆಕಾಶದಲ್ಲಿ ಅದು ಮುರಿದಾಗ ರಾಕೆಟ್ ಬೀಳುತ್ತಿತ್ತಲ್ಲ ಎಂದು ನೀವು ಕೇಳಬಹುದು. ನಿಜ. ಕರಾರು ಕೆಲಸಕ್ಕೆ ಬರುವುದು ನೆಲದ ಮೇಲೆ. ಏರಿಯಾನ್ 5ರ ಪಥದ ಅಂಕಿಗಳನ್ನಿಟ್ಟು ದಿಕ್ಕು ಹೇಳುವ ಆ ವ್ಯವಸ್ಥೆಯನ್ನು ಯಾರೂ ಪರೀಕ್ಷಿಸಿರಲಿಲ್ಲ. ಮಿತಿ ಕಣ್ಣೆದುರೇ ಬರೆದಿದ್ದರೆ ಪರೀಕ್ಷಿಸಬೇಕೆಂದು ಯಾರಿಗಾದರೂ ಹೊಳೆಯುವ ಸಾಧ್ಯತೆ ಬಹಳ ಹೆಚ್ಚಿತ್ತು.

ಇನ್ನು ಫಂಕ್ಷನಲ್ ಪ್ರೋಗ್ರಾಮಿಂಗ್, ಅಂದರೆ ದತ್ತಾಂಶವನ್ನು ತಿದ್ದದೆ ಫಂಕ್ಷನ್‌ಗಳಿಂದಲೇ ಪ್ರೋಗ್ರಾಮ್ ಕಟ್ಟುವ ಶೈಲಿ. ಅದು ವಿಶ್ವವಿದ್ಯಾಲಯದವರ ಹವ್ಯಾಸ ಎಂಬ ಮಾತು ನಮ್ಮಲ್ಲಿ ಇನ್ನೂ ಇದೆ. ಫೋರ್ಟ್ರಾನ್ ಕಟ್ಟಿದ ತಂಡದ ನಾಯಕ ಜಾನ್ ಬ್ಯಾಕಸ್ ಅವರೇ 1977ರ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ, ತಾವು ಬೆಳೆಸಿದ ಶೈಲಿಯ ಕಟ್ಟಿನಿಂದ ಹೊರಬರಬೇಕೆಂದು ಈ ದಾರಿ ತೋರಿಸಿದರು. ಕರಾರಿಗೂ ಇದಕ್ಕೂ ನೇರ ನಂಟಿದೆ. ನಾನು ಪಟ್ಟಿಯೊಂದನ್ನು ಪರಿಶೀಲಿಸಿ ಸರಿ ಎಂದೆ. ಮರುಕ್ಷಣ ಇನ್ನೊಂದು ಥ್ರೆಡ್ ಅದನ್ನು ತಿದ್ದಿದರೆ ನನ್ನ ಪರಿಶೀಲನೆಗೆ ಬೆಲೆಯೇನು? ಬದಲಾಗದ ದತ್ತಾಂಶದಲ್ಲಿ ಒಮ್ಮೆ ನಿಜವಾದದ್ದು ಕೊನೆಯವರೆಗೂ ನಿಜ. ಹೊರಗಿನ ಏನನ್ನೂ ಮುಟ್ಟದ ಫಂಕ್ಷನ್ನಿನ ಖಾತರಿಯನ್ನು ಅದರ ಉತ್ತರ ನೋಡಿಯೇ ತಾಳೆ ಹಾಕಬಹುದು. ಕರಾರು ಬರೆದು ದತ್ತಾಂಶವನ್ನು ಎಲ್ಲರೂ ತಿದ್ದಲು ಬಿಟ್ಟರೆ ಅರ್ಧ ಕೆಲಸವಷ್ಟೇ ಆದಂತೆ.

ಇದಕ್ಕಾಗಿ ಹ್ಯಾಸ್ಕೆಲ್‌ನಂಥ ಫಂಕ್ಷನಲ್ ಭಾಷೆ ಕಲಿಯಬೇಕಿಲ್ಲ. ಜಾವಾಕ್ಕೆ 2014ರಲ್ಲೇ ಲ್ಯಾಂಬ್ಡಾ ಬಂದಿದೆ, 2021ರಿಂದ ರೆಕಾರ್ಡ್‌ಗಳೂ ಇವೆ. ಸಿ ಪ್ಲಸ್ ಪ್ಲಸ್ 26ರ ಕರಡಿಗೆ 2025ರಲ್ಲಿ ಕರಾರುಗಳು ಸೇರಿದವು. ಆದರೆ ಜಾವಾದ ಅಸರ್ಟ್ ನೀವಾಗಿ ಆನ್ ಮಾಡದ ಹೊರತು ಓಡುವುದೇ ಇಲ್ಲ. ಎಷ್ಟು ತಂಡಗಳು ಅದನ್ನು ಬರೆದು ನಿಶ್ಚಿಂತವಾಗಿ ಕೂತಿವೆಯೋ!

ಬೆಂಗಳೂರಿನಲ್ಲಿ ಕೂತು ನಾವು ಸಂಭಾಳಿಸುವ ಎಷ್ಟೋ ಕೋಡ್ ಬೇರೆ ಊರಿನವರು, ಬೇರೆ ಕಾಲದಲ್ಲಿ, ಬೇರೆ ಅಗತ್ಯಕ್ಕೆ ಬರೆದದ್ದು. ಹಾಗಾಗಿ ಕೇಳಿಕೊಳ್ಳುತ್ತಿದ್ದೇನೆ: ಮುಂದಿನ ಕೋಡ್ ರಿವ್ಯೂನಲ್ಲಿ ಯಾರಾದರೂ ಷರತ್ತಿನ ಸಾಲೊಂದನ್ನು ಅಳಿಸಿದ್ದರೆ, ಏಕೆಂದು ಆ ಜಾಗದಲ್ಲೇ ಬರೆಯುವವರೆಗೆ ಒಪ್ಪಿಗೆ ಕೊಡಬೇಡಿ. ಅದಕ್ಕೆ ಬೇಕಾದ ಎರಡು ದಿನವನ್ನು ವೇಳಾಪಟ್ಟಿಯಲ್ಲಿ ನೀವೇ ಸೇರಿಸಿ.

ಇಂತಿ,
ನಿಮ್ಮ ತಂಡದಲ್ಲೂ ಇರಬಹುದಾದ ಒಬ್ಬ ಪ್ರೋಗ್ರಾಮರ್