ತಲ್ಪವಾಹನ ಮೀಮಾಂಸೆ: ಹೆಬ್ಬಾಳದಿಂದ ಚಿಕ್ಕಜಾಲದವರೆಗೆ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ವಿಧಿಸಿದ ನಮ್ಮ ಹಿರಿಯರು, ಹಾಸಿಗೆಯೇ ಗಾಡಿಯಿಂದಾಚೆ ಕಾಲು ಚಾಚಿದರೆ ಏನು ಮಾಡಬೇಕೆಂದು ಹೇಳದೆ ಹೋದರು. ಕಾಲಾದರೆ ಮಡಚಿಕೊಳ್ಳಬಹುದು. ಸ್ಪ್ರಿಂಗ್ ಹಾಸಿಗೆಯನ್ನು ಮಡಚಿದರೆ ಅದು ಉಳಿದ ಆಯುಷ್ಯವಿಡೀ ಬೆನ್ನಿಗೆ ಚುಚ್ಚಿ ಸೇಡು ತೀರಿಸಿಕೊಳ್ಳುತ್ತದೆ. ಶಾಸ್ತ್ರಕಾರರು ಬಿಟ್ಟುಹೋದ ಈ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಪ್ರಯೋಜನ. ಇದನ್ನು ಓದಲು ಅಧಿಕಾರಿ ಯಾರೆಂದರೆ, ಬಾಡಿಗೆ ಮನೆಯಲ್ಲಿದ್ದೂ ಡಬಲ್ ಕಾಟ್ ಕೊಂಡ ಯಾವನೇ ಆಗಲಿ.

ಅಧ್ಯಯನಕ್ಕೆ ಆರಿಸಿಕೊಂಡ ಕ್ಷೇತ್ರ ಬೆಂಗಳೂರಿನ ಬಳ್ಳಾರಿ ರಸ್ತೆ. ಹೆಬ್ಬಾಳ, ಬ್ಯಾಟರಾಯನಪುರ, ಯಲಹಂಕ, ಹುಣಸಮಾರನಹಳ್ಳಿ ದಾಟಿ, ಹಳೇ ಕಲ್ಲಿನ ಕೋಟೆ ಕಾಣುವ ಚಿಕ್ಕಜಾಲದವರೆಗೆ. ವಿಮಾನ ನಿಲ್ದಾಣದಲ್ಲಿ ಪಾಳಿ ಕೆಲಸ ಮಾಡುವವರು, ಆಸುಪಾಸಿನ ಇಂಜಿನಿಯರಿಂಗ್ ಕಾಲೇಜುಗಳ ಹುಡುಗರು, ಬಾಡಿಗೆ ಏರಿದಂತೆಲ್ಲ ಊರಾಚೆ ಸರಿಯುವ ಸಂಸಾರಸ್ಥರು, ಇವರೆಲ್ಲ ತಿಂಗಳ ಕೊನೆಯಲ್ಲಿ ಸಾಮಾನು ಹೇರಿಕೊಂಡು ಹೋಗುವ ದಾರಿ ಇದು. ಇನ್ನೊಂದು ಕಾರಣವೂ ಇದೆ. ಜಕ್ಕೂರಿನ ವೈಮಾನಿಕ ತರಬೇತಿ ಶಾಲೆ, 1996ರಿಂದ ಏರೋ ಇಂಡಿಯಾ ನಡೆಯುತ್ತಿರುವ ಯಲಹಂಕದ ವಾಯುನೆಲೆ, 2008ರಲ್ಲಿ ಶುರುವಾದ ದೇವನಹಳ್ಳಿ ಬಳಿಯ ನಿಲ್ದಾಣ, ಮೂರೂ ಇದೇ ರಸ್ತೆಯ ಆಸರೆಯಲ್ಲಿವೆ. ಹಾರುವುದು ಇಲ್ಲಿನ ಮಣ್ಣಿನ ಗುಣವೆಂದು ಊಹಿಸಲು ಅಡ್ಡಿಯಿಲ್ಲ. ಹಾಸಿಗೆಗೂ ಆ ಗಾಳಿ ಸೋಕಿದರೆ ಆಶ್ಚರ್ಯವೇನು?

ಮೊದಲು ಪುರಾಣ ಪ್ರಮಾಣವನ್ನು ನೋಡೋಣ. ಹಾಸಿಗೆ, ವಾಹನ ಎರಡನ್ನೂ ಸ್ವಂತಕ್ಕೆ ಇಟ್ಟುಕೊಂಡ ದೇವರೆಂದರೆ ಥಟ್ಟನೆ ನೆನಪಾಗುವವನು ಮಹಾವಿಷ್ಣು. ಹಾಸಿಗೆ ಆದಿಶೇಷ, ವಾಹನ ಗರುಡ. ಹಾವಿಗೂ ಗರುಡನಿಗೂ ಹುಟ್ಟಾ ಹಗೆ. ಎಷ್ಟೋ ಅವತಾರವೆತ್ತಿ ಎಲ್ಲೆಲ್ಲೋ ತಿರುಗಿದ ಸ್ವಾಮಿ, ಹಾಸಿಗೆಯನ್ನು ವಾಹನದ ಬೆನ್ನಿಗೆ ಹೇರಿ ಹೊರಟನೆಂದು ಯಾವ ಹರಿಕಥೆಯಲ್ಲೂ ಕೇಳಿಲ್ಲ. ಹೇರಬಾರದೆಂದೇ ಎರಡಕ್ಕೂ ವೈರ ಕಟ್ಟಿಟ್ಟನೆಂಬುದು ಪ್ರಸ್ತುತ ಲೇಖಕನ ನಮ್ರ ಅಭಿಪ್ರಾಯ. ಕ್ಷೀರಸಾಗರಕ್ಕೂ ಹನ್ನೊಂದು ತಿಂಗಳ ಕರಾರುಪತ್ರ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಚರಿತ್ರೆಯಲ್ಲಿಯೂ ಈ ಸಮಸ್ಯೆ ತೀರ ಈಚಿನದು. ಅರಳೆ ಹಾಸಿಗೆಯ ಕಾಲದಲ್ಲಿ ಹಾಸಿಗೆ ಮನೆಯಲ್ಲಿರುತ್ತಿತ್ತು, ಮಾಡುವವರು ತಿರುಗುತ್ತಿದ್ದರು. ಪಿಂಜಾರರು ಬಿಲ್ಲನ್ನು ಹೆಗಲಿಗೇರಿಸಿ ಬಂದು, ಗಂಟುಗಟ್ಟಿದ ಹತ್ತಿಯನ್ನು ಅಂಗಳದಲ್ಲೇ ಹಿಂಜಿ, ಮತ್ತೆ ತುಂಬಿ ಹೊಲಿದುಕೊಟ್ಟು ಹೋಗುವರು. ರೈಲಿನಲ್ಲಿ ಹೋಗುವವರದು ಹೋಲ್ಡಾಲ್. ಹಾಸಿಗೆ, ದಿಂಬು, ಹೊದಿಕೆ, ಕೆಲವೊಮ್ಮೆ ಉಪ್ಪಿನಕಾಯಿ ಜಾಡಿಯೂ ಒಂದೇ ಸುರುಳಿಯೊಳಗೆ. ಆಮೇಲೆ ಬಂತು ನಾರಿನ ಯುಗ. 1962ರಲ್ಲಿ ನಮ್ಮ ರಾಜ್ಯದಲ್ಲೇ ಹುಟ್ಟಿದ ಕರ್ಲಾನ್‌ನಂಥ ಕಂಪನಿಗಳು ತೆಂಗಿನ ನಾರಿಗೆ ರಬ್ಬರ್ ಹಾಲು ಉಣಿಸಿ, ಸುರುಳಿ ಸುತ್ತಲು ಸುತರಾಂ ಒಪ್ಪದ ಹಾಸಿಗೆಯನ್ನು ಮನೆಮನೆಗೆ ತಲುಪಿಸಿದವು. ಬೆನ್ನುನೋವು ಹೋಯಿತೆಂದು ಜನ ಹೊಗಳಿದರು. ಅದು ಸಾಮಾನು ಹೊರುವವರ ಬೆನ್ನಿಗೆ ವರ್ಗವಾಯಿತೆಂಬುದನ್ನು ಯಾರೂ ದಾಖಲಿಸಲಿಲ್ಲ. ಈಗೀಗ ಫೋಮ್ ಹಾಸಿಗೆ ಗಾಳಿ ಹೀರಿಸಿಕೊಂಡು, ಸುತ್ತಿಕೊಂಡು, ಪೆಟ್ಟಿಗೆಯೊಳಗೆ ವಿನಯವಾಗಿ ಬರುತ್ತದೆ. ಒಮ್ಮೆ ಪ್ಲಾಸ್ಟಿಕ್ ಹರಿದು ಉಸಿರೆಳೆದುಕೊಂಡಿತೋ, ಮರಳಿ ಆ ಪೆಟ್ಟಿಗೆ ಸೇರುವ ಮಾತೇ ಇಲ್ಲ. ಮನೆಗೆ ಬರುವಾಗಿನ ವಿನಯ ಮನೆ ಬಿಡುವಾಗ ಇರುವುದಿಲ್ಲ. ಬಾಡಿಗೆದಾರರ ಬಗ್ಗೆಯೂ ಓನರುಗಳು ಇದನ್ನೇ ಹೇಳುತ್ತಾರೆ.

ಇನ್ನು ಗಣಿತ. 2005ರಲ್ಲಿ ರಸ್ತೆಗಿಳಿದ ಟಾಟಾ ಏಸ್, ಅಂದರೆ ಜನ ಪ್ರೀತಿಯಿಂದ ಚೋಟಾ ಹಾಥಿ ಎನ್ನುವ ಗಾಡಿ, ಹಿಂಬದಿಯಲ್ಲಿ 2200 ಮಿಲಿಮೀಟರ್ ಉದ್ದ, 1490 ಮಿಲಿಮೀಟರ್ ಅಗಲ. ಕ್ವೀನ್ ಸೈಜಿನ ಹಾಸಿಗೆ 78 ಇಂಚು ಉದ್ದ, 60 ಇಂಚು ಅಗಲ. ಉದ್ದಕ್ಕೆ ತಕರಾರಿಲ್ಲ. ಅಗಲದ 60 ಇಂಚು ಎಂದರೆ 1524 ಮಿಲಿಮೀಟರ್. ಹೆಚ್ಚಾದದ್ದು 34 ಮಿಲಿಮೀಟರ್, ಪಕ್ಕಕ್ಕೆ 17ರಂತೆ. ಫೋಮ್ ಆದರೆ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂಬ ಈ ಊರಿನ ರಾಜಧರ್ಮವನ್ನು ಪಾಲಿಸಿ ಒಳಗೆ ಕೂರುತ್ತದೆ. ಕಿಂಗ್ ಸೈಜಿನ 72 ಇಂಚು ಹಾಗಲ್ಲ, ಒಂದಡಿಗೂ ಮಿಕ್ಕಿ ಹೊರಗುಳಿಯುತ್ತದೆ. ಪಕ್ಕದ ಎರಡೂ ತಗಡಿನ ಮೇಲೆ ಚಪ್ಪರದಂತೆ ಮಲಗಿಸಿದರೆ ಅಡಿಯಲ್ಲಿ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿನೊಳಗೆ ಗಾಳಿ ಹೊಕ್ಕಿತೆಂದರೆ ಅಲ್ಲಿಂದ ಮುಂದಿನದು ವಿಮಾನಯಾನ ಇಲಾಖೆಯ ವ್ಯಾಪ್ತಿ.

ಇಲ್ಲಿ ಪೂರ್ವಪಕ್ಷ ಹೀಗಿದೆ. ಹಾಸಿಗೆಯ ಮೇಲೆ ಒಂದು ಕೈ ಇಟ್ಟರೆ ಸಾಕು, ಅದು ಹಾರುವುದಿಲ್ಲ. ಇದಕ್ಕೆ ಕರಾವಲಂಬ ಪಕ್ಷವೆಂದು ಹೆಸರು. ಬೆಂಗಳೂರಿನಲ್ಲಿ ಇದರ ಅನುಯಾಯಿಗಳು ಲೆಕ್ಕವಿಲ್ಲದಷ್ಟು. ಕ್ಯಾಬಿನ್ನಿನ ಕಿಟಕಿಯಿಂದ ಎಡಗೈ ಹೊರಚಾಚಿ, ಎರಡು ಬೆರಳಲ್ಲಿ ಹಾಸಿಗೆಯ ಅಂಚು ಹಿಡಿದು, ಬಲಗೈಯಲ್ಲಿ ಫೋನ್ ನೋಡುತ್ತ ಹೋಗುವವರು ಈ ಪಂಥದ ಸಾಮಾನ್ಯ ಸದಸ್ಯರು. ಇದರ ಉಗ್ರ ಶಾಖೆ ಶಯನ ಪಕ್ಷ. ಅವರು ಕೈಯನ್ನೂ ನಂಬದೆ ಇಡೀ ಬಾಮೈದನನ್ನೇ ಹಾಸಿಗೆಯ ಮೇಲೆ ಮಲಗಿಸುತ್ತಾರೆ. ಆಧಾರ ಕೇಳಿದರೆ ಉಭಯ ಪಕ್ಷದವರೂ ಶಬ್ದಪ್ರಮಾಣವನ್ನೇ ಮುಂದಿಡುವರು. ಆಪ್ತವಾಕ್ಯ ಡ್ರೈವರನದು: ‘ಏನೂ ಆಗಲ್ಲ ಬಿಡಿ ಸಾರ್.’ ಹಗ್ಗವನ್ನು ಹಾವೆಂದು ಭ್ರಮಿಸಿದವನ ವಿಚಾರವನ್ನು ಅದ್ವೈತಿಗಳು ಶತಮಾನಗಳಿಂದ ಚರ್ಚಿಸಿದ್ದಾರೆ. ಕೈಯನ್ನು ಹಗ್ಗವೆಂದು ಭ್ರಮಿಸಿದವನ ಗತಿಯೇನೆಂದು ಅವರು ಹೇಳಿಲ್ಲ. ಆ ಕಾಲಕ್ಕೆ ಏರ್‌ಪೋರ್ಟ್ ರಸ್ತೆ ಇರಲಿಲ್ಲ.

ಪೂರ್ವಪಕ್ಷದ ಖಂಡನೆಗೆ ಪದಾರ್ಥ ವಿಜ್ಞಾನವೇ ಸಾಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿನ ಗಾಳಿ ಮಂಗಳೂರಿನದಕ್ಕಿಂತ ಕೊಂಚ ತೆಳು. ಆದರೂ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಅದು ಒಂದು ಚದರ ಮೀಟರಿಗೆ ಹೆಚ್ಚುಕಡಿಮೆ 15 ಕಿಲೋ ತೂಕದಷ್ಟು ಒತ್ತುತ್ತದೆ. ಕ್ವೀನ್ ಹಾಸಿಗೆಯ ಹರವು 3 ಚದರ ಮೀಟರ್. ಮುಂದಿನ ಅಂಚು ಎದ್ದು ಅದು ಪೂರಾ ಗಾಳಿಗೆ ಎದೆಯೊಡ್ಡಿತೆಂದರೆ 45 ಕಿಲೋ. ಹಾಸಿಗೆಯ ತೂಕವೇ ಅಷ್ಟಿರುವುದಿಲ್ಲ. ವೇಗ ಇಮ್ಮಡಿಯಾದರೆ ಒತ್ತಡ ನಾಲ್ಮಡಿ ಎಂಬುದು ನಿಯಮವಾದ್ದರಿಂದ, 30ರಲ್ಲಿ 11 ಕಿಲೋ ಇದ್ದದ್ದು 80ಕ್ಕೆ ಹೋಗುವಷ್ಟರಲ್ಲಿ 80 ಕಿಲೋ ಆಗಿರುತ್ತದೆ. ಎರಡು ಬೆರಳಿಗೆ 80 ಕಿಲೋ. ಬಾಮೈದನನ್ನು ಮಲಗಿಸಿದರೂ ಅವನು 80 ಕಿಲೋ ಇರಬೇಕು; ಅಷ್ಟು ಗಟ್ಟಿಗನಾಗಿದ್ದರೆ ಅವನು ಮಲಗಲು ಒಪ್ಪುತ್ತಲೂ ಇರಲಿಲ್ಲ.

ಆಷಾಢದಲ್ಲಿ ಮನೆ ಬದಲಿಸಬಾರದೆಂಬ ಕಟ್ಟಳೆಯ ರಹಸ್ಯವೂ ಇಲ್ಲಿ ಬಯಲಾಗುತ್ತದೆ. ನಮ್ಮ ಕಡೆ ಗಾಳಿ ಬೀಸಿ ಹೊಡೆಯುವ ತಿಂಗಳು ಅದೇ. ಪೂರ್ವಿಕರಿಗೆ ವಾಯುಗತಿ ಶಾಸ್ತ್ರ ಪೂರ್ತಿ ತಿಳಿದಿತ್ತು, ಪಿಕಪ್ ಗಾಡಿಯೊಂದೇ ತಿಳಿದಿರಲಿಲ್ಲ ಎಂದು ಯಾರಾದರೂ ಭಾಷಣ ಮಾಡುವುದಾದರೆ ಈ ಲೇಖಕನ ಅಭ್ಯಂತರವಿಲ್ಲ.

ಸಿದ್ಧಾಂತವೆಂದರೆ ಹಗ್ಗ. ಆದರೆ ಹಗ್ಗವಿದ್ದ ಮಾತ್ರಕ್ಕೆ ಮೋಕ್ಷವಿಲ್ಲ, ಕಟ್ಟುವ ಕ್ರಮ ತಿಳಿದಿರಬೇಕು. ಗಾಡಿಯ ತಳದಲ್ಲಿ ಹಿಂದಿನ ಬಾಡಿಗೆಯ ಸಿಮೆಂಟ್ ಪುಡಿ, ಮೊಳೆ, ಒಂದೆರಡು ಕೊಳೆತ ಟೊಮೆಟೊ ಇದ್ದೇ ಇರುತ್ತವೆ. ಗುಡಿಸಿ ರಟ್ಟು ಹಾಸಬೇಕು. ಹಾಸಿಗೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಮುಂದಿನ ಅಂಚು ಕ್ಯಾಬಿನ್ನಿನ ಬೆನ್ನಿಗೆ ಒತ್ತಿಕೊಳ್ಳುವಂತೆ ಮಲಗಿಸಿ, ಮೇಲೆ ಮಂಚದ ಪಲಗೆಗಳನ್ನು ಹೇರಬೇಕು. ಮಂಚದ ಮೇಲೆ ಹಾಸಿಗೆ ಎಂಬ ಲೋಕರೂಢಿ ಗಾಡಿಯಲ್ಲಿ ತಿರುಗುಮುರುಗಾಗುತ್ತದೆ. ಕಿಂಗ್ ಸೈಜಾದರೆ ಬಲವಂತಕ್ಕೆ ಹೋಗದೆ, ಅಂಚಿನ ಮೇಲೆ ನಿಲ್ಲಿಸಿ, ಬೀರುವಿಗೂ ಪಲಗೆಗೂ ನಡುವೆ ಸಿಕ್ಕಿಸಿ ಕಟ್ಟಬೇಕು.

ನುರಿತ ಡ್ರೈವರ್ ಕಟ್ಟುವುದನ್ನು ಹತ್ತಿರ ನಿಂತು ನೋಡಬೇಕು. ನೈಲಾನ್ ಹಗ್ಗದ ಒಂದು ತುದಿಯನ್ನು ಮುಂದಿನ ಕೊಕ್ಕೆಗೆ ಬಿಗಿದು, ಉಳಿದದ್ದನ್ನು ಆಚೆಗೆ ಬೀಸುತ್ತಾನೆ. ಸುತ್ತಿಬಂದು, ಎದೆಯೆತ್ತರದಲ್ಲಿ ಹಗ್ಗವನ್ನು ಒಮ್ಮೆ ತಿರುಚಿ ಕುಣಿಕೆ ಮಾಡಿ, ತುದಿಯನ್ನು ಕೆಳಗಿನ ಕೊಕ್ಕೆಯಡಿ ತೂರಿಸಿ, ಮೇಲೆತ್ತಿ ಕುಣಿಕೆಯೊಳಗೆ ಎಳೆದು, ಒಂದು ಕಾಲನ್ನು ಚಕ್ರಕ್ಕೆ ಒದ್ದು ಹಿಂದಕ್ಕೆ ಜೋತುಬೀಳುತ್ತಾನೆ. ರಾಟೆಯ ತತ್ವ ಇದೇ. ಅವನಿಗೆ ಅದರ ಹೆಸರು ಬೇಕಾಗಿಲ್ಲ. ಹಗ್ಗ ಅಂಚನ್ನು ಕೊಯ್ಯುವಲ್ಲಿ ಮಡಚಿದ ಗೋಣಿ ತುರುಕುತ್ತಾನೆ. ಕೊನೆಗೆ ಹೆಬ್ಬೆರಳಲ್ಲಿ ಮೀಟಿ ನೋಡುತ್ತಾನೆ. ಆದರೆ ಫೋಮ್ ಎಂಬುದು ಕುಗ್ಗುವ ಪದಾರ್ಥ. ಎರಡು ಹಂಪು ಹಾರಿದ ಮೇಲೆ ಅದು ಅಡಗಿ ಕೂರುತ್ತದೆ, ಹೆಬ್ಬಾಳದಲ್ಲಿ ಬಿಗಿಯಾಗಿದ್ದ ಹಗ್ಗ ಬ್ಯಾಟರಾಯನಪುರದಲ್ಲಿ ಜೋಲುತ್ತದೆ. ಒಂದೆರಡು ಕಿಲೋಮೀಟರಿಗೆ ಗಾಡಿ ಪಕ್ಕಕ್ಕೆ ಹಾಕಿಸಿ ಮತ್ತೆ ಬಿಗಿಸುವುದೇ ಈ ಶಾಸ್ತ್ರದ ಸಾರಸರ್ವಸ್ವ. ಮೇಲಿನ ರಸ್ತೆ ಬಿಟ್ಟು ಸರ್ವಿಸ್ ರಸ್ತೆ ಹಿಡಿದರೆ ಸಿಗ್ನಲ್ಲುಗಳೇ ವೇಗವನ್ನು ನೋಡಿಕೊಳ್ಳುತ್ತವೆ.

ಕಡೆಯದಾಗಿ ಧರ್ಮಶಾಸ್ತ್ರ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಸರಕು ಗಾಡಿಯ ಬದಿಯಿಂದ ಆಚೆ ಚಾಚಿದರೆ ಕೇಂದ್ರ ವಿಧಿಸಿಟ್ಟ ದಂಡ 20,000 ರೂಪಾಯಿ, ಮೇಲೆ ಇಳಿಸುವ ಕೂಲಿ ಬೇರೆ. ಆ ದುಡ್ಡಿಗೆ ಹೊಸ ಹಾಸಿಗೆಯೇ ಬರುತ್ತದಾದ್ದರಿಂದ ಹಳೆಯದನ್ನು ಅಲ್ಲೇ ದಾನ ಮಾಡುವುದು ಲಾಭವೋ ಎಂಬುದು ವಿದ್ವಾಂಸರು ಚರ್ಚಿಸಬೇಕಾದ ಅಂಶ. ಇನ್ನು ಬಾಮೈದನ ಸ್ಥಾನಮಾನ. 1994ರ ತಿದ್ದುಪಡಿ ಸರಕು ಗಾಡಿಯಲ್ಲಿ ಹೋಗುವ ಸರಕಿನ ಒಡೆಯನಿಗೂ, ಆತ ಅಧಿಕಾರ ಕೊಟ್ಟ ಪ್ರತಿನಿಧಿಗೂ ವಿಮೆಯ ರಕ್ಷೆ ಕೊಟ್ಟಿತು. ಮಿಕ್ಕವರೆಲ್ಲ ಪುಕ್ಕಟೆ ಪ್ರಯಾಣಿಕರು. ಹೆಂಡತಿಯ ತಮ್ಮನೆಂಬ ಸಂಬಂಧವನ್ನು ಯಾವ ವಿಮಾ ಕಂಪನಿಯೂ ಅಧಿಕಾರವೆಂದು ಒಪ್ಪುವುದಿಲ್ಲ. ಮನೆಯೊಳಗೆ ಒಪ್ಪುವುದು ಬೇರೆ ಮಾತು. ಆದ್ದರಿಂದ ಅಧಿಕಾರಪತ್ರದ ಕರಡೊಂದನ್ನು ಇಲ್ಲಿ ಸೂಚಿಸಲಾಗಿದೆ:

‘ಸದರಿ ಗಾಡಿಯಲ್ಲಿರುವ 78 ಇಂಚು ಉದ್ದ, 72 ಇಂಚು ಅಗಲದ ಹಾಸಿಗೆಯ ಒಡೆಯನಾದ ನಾನು, ನನ್ನ ಬಾಮೈದನನ್ನು ಅದರ ಪ್ರತಿನಿಧಿಯಾಗಿ ನೇಮಿಸಿರುತ್ತೇನೆ. ಆತ ಕ್ಯಾಬಿನ್ನಿನಲ್ಲಿ ಡ್ರೈವರನ ಎಡಕ್ಕೆ ಕೂರತಕ್ಕದ್ದು. ಹಾಸಿಗೆಯ ಮೇಲೆ ಮಲಗತಕ್ಕದ್ದಲ್ಲ. ಹಾಸಿಗೆಯ ಪರವಾಗಿ ಆತ ಆಡುವ ಮಾತಿಗೆ ನಾನು ಬದ್ಧನಾಗಿರುತ್ತೇನೆ.’

ಗಾಡಿ ಹೊರಡುವ ಮೊದಲೇ ಇದಕ್ಕೆ ಸಹಿ ಹಾಕಿಸಿಕೊಳ್ಳುವುದು ಒಳ್ಳೆಯದು. ಆಮೇಲೆ ಒಡೆಯ ಸಿಗುವುದಿಲ್ಲ. ರಾಹುಕಾಲಕ್ಕೆ ಮುಂಚೆ ಹಾಲುಕ್ಕಿಸಬೇಕೆಂದು ಸ್ಕೂಟರಿನಲ್ಲಿ ಮುಂದೆ ಹೋಗಿ ಚಿಕ್ಕಜಾಲ ಸೇರಿದ ಆತ, ಸ್ಟವ್ ಪಿಕಪ್ಪಿನಲ್ಲೇ ಇದೆಯೆಂದು ನೆನಪಾಗಿ, ಬಾಮೈದನಿಗೆ ಫೋನ್ ಮೇಲೆ ಫೋನ್ ಮಾಡುತ್ತಿರುತ್ತಾನೆ.