ಗೋಲಿನ ಬಾಯಲ್ಲಿ ನಿಂತವರು

ಕೊಡಗಿನಲ್ಲಿ ಹನ್ನೊಂದು ಜನ ಸೇರಿದರೆ ಹಾಕಿ ತಂಡವಾಯಿತು. ಅದರಲ್ಲಿ ಹತ್ತು ಜನ ಹುಟ್ಟಾ ಫಾರ್ವರ್ಡ್‌ಗಳು. ಹನ್ನೊಂದನೆಯವನನ್ನು ಮಾತ್ರ ಹುಡುಕಿಯೇ ತರಬೇಕು. ಗೋಲಿಗೆ ಯಾರು ನಿಲ್ಲುತ್ತೀರಿ ಎಂದು ಕೇಳಿದ ಕೂಡಲೇ ಒಕ್ಕದ, ಅಂದರೆ ಕುಟುಂಬದ, ತರುಣರೆಲ್ಲ ಷೂ ಲೇಸು ಬಿಗಿದುಕೊಳ್ಳಲು ಬಗ್ಗಿಬಿಡುತ್ತಾರೆ. ಕೊನೆಗೆ ಬೆಂಗಳೂರಿನಿಂದ ರಜೆಗೆ ಬಂದ, ನಡು ಸ್ವಲ್ಪ ದಪ್ಪಗಾದ ಮಾವನೊಬ್ಬ ಕೈಗೆ ಸಿಗುತ್ತಾನೆ. ‘ಮಾವ, ನೀವು ಓಡುವುದೇನೂ ಬೇಡ, ಸುಮ್ಮನೆ ನಿಂತರೆ ಸಾಕು’ ಎಂದು ಪುಸಲಾಯಿಸಿ, ಏಪ್ರಿಲ್ ಬಿಸಿಲಲ್ಲಿ ಅವನಿಗೆ ಪ್ಯಾಡು, ಹೆಲ್ಮೆಟ್ಟು ಎಲ್ಲ ಕಟ್ಟುತ್ತಾರೆ. ಮೊದಲ ಗೋಲು ಒಳಗೆ ಹೋದದ್ದೇ ತಡ, ಬೇಲಿಯಾಚೆಯಿಂದ ಅವನ ಸ್ವಂತ ಅತ್ತಿಗೆಯೇ ಬೈಯಲು ಶುರುಮಾಡುತ್ತಾಳೆ.

ಕೊಡವ ಕುಟುಂಬಗಳ ಹಾಕಿ ಹಬ್ಬ ಎಂದರೆ ಇದೇ. ಬ್ಯಾಂಕಿನಿಂದ ನಿವೃತ್ತರಾಗಿದ್ದ ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಇದನ್ನು ಹೂಡಿದಾಗ ಬಂದದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನ ಕುಂಡ್ಯೋಳಂಡ ಕಪ್‌ಗೆ 360 ತಂಡಗಳು ಇಳಿದು ಗಿನ್ನೆಸ್ ದಾಖಲೆಯಾಯಿತು. ಮರುವರ್ಷ ಮಡಿಕೇರಿಯ ಮುದ್ದಂಡ ಕಪ್‌ನಲ್ಲಿ 396. ಅಂದರೆ 396 ಗೋಲ್‌ಕೀಪರ್‌ಗಳು! ಬೈಸಿಕೊಳ್ಳಲು ಇಷ್ಟೊಂದು ಜನ ಒಂದೇ ಜಿಲ್ಲೆಯಲ್ಲಿ ಸಿಕ್ಕರಲ್ಲ ಎಂಬುದೇ ನನಗೆ ದೊಡ್ಡ ದಾಖಲೆಯಾಗಿ ಕಾಣುತ್ತದೆ.

ಬೈಸಿಕೊಳ್ಳುವುದರಲ್ಲಿ ಗೋಲ್‌ಕೀಪರನಿಗೆ ಸರಿಸಾಟಿ ಒಬ್ಬನೇ, ಕೋಚ್. ಗೆದ್ದರೆ ಗೋಲು ಹೊಡೆದವನು ಹೆಗಲೇರುತ್ತಾನೆ. ಸೋತರೆ ಇವರಿಬ್ಬರಲ್ಲಿ ಒಬ್ಬ ಸಿಕ್ಕಿಬೀಳುತ್ತಾನೆ. ಹಾಗಾಗಿ ಗೋಲ್‌ಕೀಪರ್ ಆಗಿದ್ದವನು ಕೋಚ್ ಆದರೆ ಹೊಸದಾಗಿ ಕಲಿಯಬೇಕಾದ್ದು ಹೆಚ್ಚೇನೂ ಇಲ್ಲ, ಅಭ್ಯಾಸ ಆಗಲೇ ಆಗಿರುತ್ತದೆ ಎಂಬುದು ನನ್ನ ಸಿದ್ಧಾಂತ.

ನಮ್ಮ ಜಿಲ್ಲೆಯಿಂದ ಹೋಗಿ ಭಾರತ ತಂಡದ ಕೋಚ್ ಆದ ಮೊಳ್ಳೇರ ಪೂವಯ್ಯ ಗಣೇಶ್ ಮಾತ್ರ ಈ ಸಿದ್ಧಾಂತಕ್ಕೆ ಒಗ್ಗುವುದಿಲ್ಲ. ಅವರು ಗೋಲ್‌ಕೀಪರ್ ಅಲ್ಲ. ಅಷ್ಟೇ ಏಕೆ, ಮೊದಲು ಹಾಕಿ ಆಟಗಾರರೂ ಅಲ್ಲ. 1960ರಿಂದ 64ರವರೆಗೆ ಕೊಡಗು ಜಿಲ್ಲೆಗೆ ಫುಟ್‌ಬಾಲ್ ಆಡಿದವರು! ಹಾಕಿಯ ತವರಿನಲ್ಲಿ ಕಾಲ್ಚೆಂಡು ಒದೆಯುತ್ತಿದ್ದ ಹುಡುಗನ ಬಗ್ಗೆ ಮನೆಯ ಹಿರಿಯರು ಏನೆಂದುಕೊಂಡರೋ. ಆಮೇಲೆ ಸೈನ್ಯ ಸೇರಿದರು, ಕೈಗೆ ಸ್ಟಿಕ್ ಬಂತು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನ ಕಂಚಿನ ತಂಡದಲ್ಲಿದ್ದರು, ಮರುವರ್ಷದ ವಿಶ್ವಕಪ್‌ಗೆ ನಾಯಕರೇ ಆದರು.

ಆ ವಿಶ್ವಕಪ್ ಫೈನಲ್ ನಡೆದದ್ದು ನೆದರ್ಲೆಂಡ್ಸ್‌ನ ಆಮ್ಸ್ಟೆಲ್ವೀನ್‌ನಲ್ಲಿ, ಎದುರಾಳಿಯೂ ಅದೇ ನಾಡಿನವರು. ಭಾರತ 2-0 ಮುಂದಿತ್ತು. ಅವರು ಸರಿಗಟ್ಟಿದರು. ಹೆಚ್ಚುವರಿ ಅವಧಿಯಲ್ಲಿ ನಮಗೆ ಪೆನಾಲ್ಟಿ ಸ್ಟ್ರೋಕ್ ಸಿಕ್ಕಿತು. ಒಂದೇ ಒಂದು ಗೋಲು ಬಿದ್ದಿದ್ದರೆ ಕಪ್ ನಮ್ಮದು. ಬೀಳಲಿಲ್ಲ. ಕೊನೆಗೆ ಸ್ಟ್ರೋಕ್‌ಗಳ ಸರಣಿಯಲ್ಲಿ 4-2ರಿಂದ ಸೋತೆವು. ಇಷ್ಟನ್ನು ನಾಯಕನಾಗಿ ನುಂಗಿಕೊಂಡವರಿಗೆ ಮುಂದೆ ಕೋಚ್ ಹುದ್ದೆ ಏನು ಮಹಾ? 2020ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಿದ್ಧಾಂತವನ್ನು ಸ್ವಲ್ಪ ಸಡಿಲಿಸಿ ಅವರನ್ನೂ ಒಳಗೆ ಸೇರಿಸಿಕೊಂಡಿದ್ದೇನೆ.

ಸೋಲಿಗೆ ನೆದರ್ಲೆಂಡ್ಸ್ ಅದೇನು ಪ್ರಶಸ್ತ ಸ್ಥಳವೋ ತಿಳಿಯದು. ಇಟಲಿಯ ಡಿನೊ ಜೋಫ್ 1982ರಲ್ಲಿ, ನಲವತ್ತರ ವಯಸ್ಸಿನಲ್ಲಿ, ಗೋಲ್‌ಕೀಪರನಾಗಿಯೂ ನಾಯಕನಾಗಿಯೂ ಫುಟ್‌ಬಾಲ್ ವಿಶ್ವಕಪ್ ಎತ್ತಿದವರು. ಆಮೇಲೆ ತಮ್ಮ ದೇಶದ ತಂಡಕ್ಕೇ ಕೋಚ್ ಆದರು. 2000ದ ಯೂರೋ ಫೈನಲ್ ರಾಟರ್‌ಡ್ಯಾಮ್‌ನಲ್ಲಿ. ಫ್ರಾನ್ಸ್ ವಿರುದ್ಧ 1-0 ಮುಂದಿದ್ದರು, ಆಟ ಮುಗಿಯಲು ಕೆಲವೇ ಸೆಕೆಂಡು. ಸಮವಾಯಿತು. ಹೆಚ್ಚುವರಿ ಅವಧಿಯ ‘ಗೋಲ್ಡನ್ ಗೋಲ್’ನಲ್ಲಿ ಸೋತರು. ಫ್ರಾನ್ಸಿನ ತಾರೆ ಜಿದಾನ್‌ನನ್ನು ಕಾಯಲು ಒಬ್ಬನನ್ನು ನಿಲ್ಲಿಸಲೂ ತಿಳಿಯಲಿಲ್ಲವೇ ಎಂದು ರಾಜಕಾರಣಿ ಬೆರ್ಲುಸ್ಕೋನಿ ಬಹಿರಂಗವಾಗಿ ಬೈದರು. ಜೋಫ್ ರಾಜೀನಾಮೆ ಬಿಸಾಕಿ ಮನೆಗೆ ನಡೆದರು. ನಮ್ಮ ಕಡೆಯ ಅತ್ತಿಗೆಯರ ಬಾಯಿಯ ಮುಂದೆ ಬೆರ್ಲುಸ್ಕೋನಿ ಏನೂ ಅಲ್ಲ, ಆದರೂ ಮನುಷ್ಯ ಸ್ವಾಭಿಮಾನಿ.

ಕೊಡಗಿಗೂ ಒಬ್ಬ ದೊಡ್ಡ ಗೋಲ್‌ಕೀಪರ್ ಇದ್ದಾರೆ: ಅಂಜಪರವಂಡ ಬೋಪಯ್ಯ ಸುಬ್ಬಯ್ಯ. 1992ರ ಬಾರ್ಸಿಲೋನಾ, 1996ರ ಅಟ್ಲಾಂಟಾ, ಎರಡು ಒಲಿಂಪಿಕ್ಸ್ ಕಂಡವರು. ನಮ್ಮ ಚಹಾ ಅಂಗಡಿಗಳಲ್ಲಿ ಗೋಲು ಹೊಡೆದವರ ಹೆಸರುಗಳು ಪಟಪಟ ಉದುರುತ್ತವೆ. ತಡೆದವರ ಹೆಸರು ಬರಲು ಇನ್ನೊಂದು ಲೋಟ ಚಹಾ ಬೇಕು.

ಗಡಿಯಾಚೆಯ ಕೇರಳದ ಶ್ರೀಜೇಶ್ ಈ ಲೆಕ್ಕವನ್ನು ಸ್ವಲ್ಪ ತಲೆಕೆಳಗು ಮಾಡಿದ್ದಾರೆ. ಓಡುವುದು ಬೇಸರವೆಂದೇ ಹುಡುಗ ಗೋಲಿಗೆ ನಿಂತನಂತೆ. ಅವನಿಗೆ ಪ್ಯಾಡು ಕೊಡಿಸಲು ಅಪ್ಪ ಮನೆಯ ಹಸು ಮಾರಿದರಂತೆ. ಟೋಕಿಯೊದಲ್ಲಿ ಕಂಚು, ಪ್ಯಾರಿಸ್‌ನಲ್ಲಿ ಮತ್ತೊಂದು. ಪ್ಯಾರಿಸ್ ಮುಗಿದದ್ದೇ ಜೂನಿಯರ್ ತಂಡದ ಕೋಚ್ ಆಗಿ, 2024ರ ಡಿಸೆಂಬರಿನಲ್ಲಿ ಮಸ್ಕತ್‌ನಲ್ಲಿ ಪಾಕಿಸ್ತಾನವನ್ನು 5-3ರಿಂದ ಸೋಲಿಸಿ ಜೂನಿಯರ್ ಏಷ್ಯಾ ಕಪ್ ತಂದರು. ಮೈದಾನವಿಡೀ ಎದುರಿಗೆ ಕಾಣುವಂತೆ ನಿಲ್ಲುವವನು ಗೋಲ್‌ಕೀಪರ್ ಒಬ್ಬನೇ. ಉಳಿದವರು ಚೆಂಡಿನ ಹಿಂದೆ ಓಡುವಾಗ ಯಾರು ಎಲ್ಲಿ ಜಾಗ ಬಿಟ್ಟರು ಎಂದು ಕಂಡು ಕೂಗುವವನೂ ಅವನೇ. ಕೋಚ್ ಮಾಡುವುದೂ ಅದೇ ಕೆಲಸ, ಗೆರೆಯ ಆಚೆ ನಿಂತು.

ಮುಂದಿನ ಹಬ್ಬಕ್ಕೆ ಬಂದಾಗ ಒಂದು ಪಂದ್ಯವನ್ನಾದರೂ ಗೋಲಿನ ಹಿಂದೆ ನಿಂತು ನೋಡಿ. ಬೈಯಲೇಬೇಕು ಅನ್ನಿಸಿದರೆ ಫಾರ್ವರ್ಡ್‌ಗಳನ್ನು ಬೈಯಿರಿ. ಅವರು ದೂರದಲ್ಲಿರುತ್ತಾರೆ, ಕೇಳಿಸುವುದಿಲ್ಲ.