ಎರಡು ಮಾರ್ಕಿನ ಶಾಲು

ಓದದ ಮಕ್ಕಳನ್ನು ಹೆದರಿಸುವುದು ಈಗ ಬಹಳ ಕಷ್ಟದ ಕೆಲಸ. ನನ್ನಪ್ಪನಿಗೆ ‘ಓದದಿದ್ರೆ ದನ ಕಾಯೂಕೆ ಹಾಕ್ತೆ’ ಎಂಬ ಒಂದೇ ವಾಕ್ಯ ಸಾಕಾಗಿತ್ತು. ಹೊನ್ನಾವರದ ಪೇಟೆಯಲ್ಲಿ ಇವತ್ತು ಕಾಯುವುದಕ್ಕೆ ದನ ಎಲ್ಲಿವೆ? ಇರುವ ನಾಲ್ಕಾರು ಹೆದ್ದಾರಿಯ ಮಧ್ಯ ಮಲಗಿ ತಮ್ಮನ್ನು ತಾವೇ ಕಾದುಕೊಳ್ಳುತ್ತವೆ.

ಹಾಗಾಗಿ ಬೆದರಿಕೆಯನ್ನು ಕಾಲಕ್ಕೆ ತಕ್ಕಂತೆ ತಿದ್ದಿ, ‘ಓದದಿದ್ರೆ ಅಡಿಕೆ ಕೊನೆ ಕೊಯ್ಯೂಕೆ ಕಳಿಸ್ತೆ ನೋಡು’ ಎಂದೆ. ಎಂಟನೇ ತರಗತಿಯ ಮಗ ತಟ್ಟನೆ ಪುಸ್ತಕದಿಂದ ತಲೆಯೆತ್ತಿದ. ಮುಖದಲ್ಲಿ ಹೆದರಿಕೆಯ ಸುಳಿವಿಲ್ಲ, ಆಸಕ್ತಿ ಮಾತ್ರ ಢಾಳಾಗಿತ್ತು. ನಮ್ಮ ತೋಟಕ್ಕೆ ಬರುವ ಕೊನೆಗೌಡನನ್ನು ಅವನು ಬಲ್ಲ. ಫೋನ್ ಮಾಡಿದರೆ ಆತ ಎತ್ತುವುದಿಲ್ಲ, ಎತ್ತಿದರೆ ‘ಮುಂದಿನ ವಾರ ನೋಡ್ವ’ ಎನ್ನುತ್ತಾನೆ, ಕೊನೆಗೂ ಬಂದ ದಿನ ನಮ್ಮನೆಯಲ್ಲಿ ಹೊಸ ಅಳಿಯ ಬಂದಷ್ಟು ಉಪಚಾರ. ಈಗಂತೂ ಕಾರ್ಬನ್ ಫೈಬರ್ ದೋಟಿ ತಂದಿದ್ದಾನೆ; ಮರ ಹತ್ತದೆ ನೆಲದ ಮೇಲೆ ನಿಂತೇ ಕೊನೆ ಇಳಿಸಿ, ಕೈ ತೊಳೆದುಕೊಂಡು, ದುಡ್ಡು ಎಣಿಸಿ ಹೊರಡುತ್ತಾನೆ. ‘ಅಪ್ಪಾ, ಆ ದೋಟಿಗೆ ಬ್ಯಾಂಕಿನವ್ರು ಸಾಲ ಕೊಡ್ತ್ರಾ?’ ಎಂದು ಮಗ ಕೇಳಿದ. ಬ್ಯಾಂಕಿನಲ್ಲೇ ಕೂತು ಸಾಲದ ಅರ್ಜಿ ನೋಡುವ ನಾನು ಉತ್ತರ ಗೊತ್ತಿದ್ದೂ ಬಾಯಿ ಬಿಡಲಿಲ್ಲ.

‘ಹಂಗಾದ್ರೆ ಕಾಸರಕೋಡ ಟೊಂಕಕ್ಕೆ ಹೋಗಿ ದೋಣಿ ಹತ್ತು’ ಎಂದೆ. ಅದಕ್ಕೂ ಅವನಲ್ಲಿ ಲೆಕ್ಕ ತಯಾರಿತ್ತು. ‘ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ದೋಣಿ ಕಡಲಿಗೆ ಇಳಿಯೂ ಹಾಂಗಿಲ್ಲ. 61 ದಿನ ರಜೆ ಅಪ್ಪಾ, ನಮ್ಮ ಬೇಸಿಗೆ ರಜೆಗಿಂತ ಜಾಸ್ತಿ. ಹೋಂವರ್ಕೂ ಇಲ್ಲ.’

ಗಣಿತದಲ್ಲಿ ಇವನಿಗೆ ಬಿ ಪ್ಲಸ್ ಬಂದದ್ದು ಹೇಗೆ ಎನ್ನುವುದೇ ನನಗೆ ಅರ್ಥವಾಗದ ಸಂಗತಿ. ನಿರಂತರ ಮೌಲ್ಯಮಾಪನದ ಲೆಕ್ಕದಲ್ಲಿ 50ರಿಂದ 69ರವರೆಗೆ ಬಿ ಪ್ಲಸ್. 90 ದಾಟಿದರೆ ಎ ಪ್ಲಸ್. ಇದನ್ನು ಆಯಿಗೆ ವಿವರಿಸಲು ಹೋಗಿ ಸೋತೆ. ‘ಬಿ ಪ್ಲಸ್ಸೇ? ಅವನ ಅಜ್ಜನದೂ ಅದೇ ಇತ್ತಲ್ಲ, ಆಪರೇಷನ್ ಹೊತ್ತಿಗೆ ಬರೆದುಕೊಟ್ಟಿದ್ರು. ರಕ್ತ ಎಲ್ಲಿ ಹೋಗ್ತದೆ?’ ಎಂದು ಮೊಮ್ಮಗನ ತಲೆ ಸವರಿದಳು. ಇಡೀ ಪ್ರಗತಿ ಪತ್ರವನ್ನು ಸಂತೋಷದಿಂದ ನೋಡಿದವಳು ನಮ್ಮನೆಯಲ್ಲಿ ಆಯಿ ಒಬ್ಬಳೇ.

ಉದಾಹರಣೆ ಕೊಟ್ಟು ಹುರಿದುಂಬಿಸುವ ಮಾರ್ಗವೂ ಇದೆ. ಅದರಲ್ಲಿ ನಮ್ಮ ಮನೆಯ ಶಾಶ್ವತ ಉದಾಹರಣೆ ಭಟ್ಕಳದ ನಾದಿನಿಯ ಮಗ. 2021ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವನು, 600ರ ಮೇಲೆ. ಷಡ್ಡಕರು ಅಂದಿನಿಂದ ಯಾವ ಮಾತನ್ನೂ ಆ ಸಂಖ್ಯೆಯನ್ನು ಹಾಯದೆ ಮುಗಿಸಿದವರಲ್ಲ. ಅದು ಕೊರೊನಾ ವರ್ಷ: ಎರಡೇ ದಿನ ಪರೀಕ್ಷೆ, ಉತ್ತರಕ್ಕೆ ಗುಂಡಗೆ ಕಪ್ಪು ತುಂಬಿದರಾಯಿತು, ರಾಜ್ಯದಲ್ಲಿ 157 ಮಕ್ಕಳಿಗೆ 625ಕ್ಕೆ 625. ಕೂತವರೆಲ್ಲ ಪಾಸು, ಒಬ್ಬನನ್ನು ಬಿಟ್ಟು. ಅವನು ತನ್ನ ಬದಲು ಬೇರೆಯವನನ್ನು ಪರೀಕ್ಷೆಗೆ ಕಳಿಸಿದ್ದ. ಇದನ್ನೆಲ್ಲ ನಾನು ಷಡ್ಡಕರಿಗೆ ಹೇಳಲಾರೆ, ನೆಂಟಸ್ತಿಕೆ ಉಳಿಯಬೇಕು. ಮಗನಿಗೆ ಹೇಳಿದೆ. ಅವನಿಗೆ 157 ಜನರ ಮೇಲೆ ಯಾವ ಕುತೂಹಲವೂ ಹುಟ್ಟಲಿಲ್ಲ. ‘ಆ ಒಬ್ಬನ ಕತೆ ಹೇಳಪ್ಪಾ’ ಎಂದು ಹತ್ತಿರ ಸರಿದ.

ಕುಮಟೆಯ ಮಾವನವರದು ಇನ್ನೂ ಎತ್ತರದ ಉದಾಹರಣೆ. ಹನೇಹಳ್ಳಿಯ ಗಂಗಾಧರ ಚಿತ್ತಾಲರು ಕುಮಟೆಯ ಗಿಬ್ ಹೈಸ್ಕೂಲಿನಲ್ಲಿ ಓದಿ, 1940ರ ಮೆಟ್ರಿಕ್ ಪರೀಕ್ಷೆಯಲ್ಲಿ ಇಡೀ ಮುಂಬಯಿ ಪ್ರಾಂತಕ್ಕೆ ಮೊದಲಿಗರಾದವರು. ಮಾವನವರು ಇದನ್ನು ಹೇಳುವಾಗ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಾರೆ, ಆ ಪರೀಕ್ಷೆಯಲ್ಲಿ ತಾವೂ ಸ್ವಲ್ಪ ಸಹಾಯ ಮಾಡಿದ ಹಾಗೆ. ಮಗ ಕೇಳಿದ: ‘ಫಸ್ಟ್ ಬಂದು ಅವ್ರು ಎಂತ ಆದ್ರು ಅಜ್ಜಾ?’

‘ಸರ್ಕಾರದ ಲೆಕ್ಕಪತ್ರದ ಇಲಾಖೆಯಲ್ಲಿ ದೊಡ್ಡ ಅಧಿಕಾರಿ.’

‘ನಮ್ಮ ಕನ್ನಡ ಟೀಚರ್ ಕವಿ ಅಂದಿದ್ರು?’

‘ಕವಿಯೂ ಹೌದು. ಭಾರೀ ದೊಡ್ಡ ಕವಿ.’

‘ಕವಿ ಆಗೂಕೆ ಎಷ್ಟು ಮಾರ್ಕು ಬೇಕಿತ್ತು?’

ಮಾವನವರು ಎಲೆಯಡಿಕೆ ಡಬ್ಬಿ ಹುಡುಕತೊಡಗಿದರು. ಅಷ್ಟಕ್ಕೇ ಬಿಡದೆ ಇವನು ಹೊನ್ನಾವರ ತಾಲೂಕಿನವರೇ ಆದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರನ್ನು ಎಳೆದು ತಂದ. ಪ್ರಾಥಮಿಕ ಶಾಲೆಯನ್ನೂ ಪೂರೈಸದೆ ಗೆಜ್ಜೆ ಕಟ್ಟಿದವರಿಗೆ 2012ರಲ್ಲಿ ಪದ್ಮಶ್ರೀ ಬರಲಿಲ್ಲವೇ ಎಂದು ವಾದ. ಇಲ್ಲಿ ಮಾತ್ರ ನನಗೆ ಗೆಲುವು ಸಿಕ್ಕಿತು: ‘ಅವರು ಬೆಳಗಿನ ತನಕ ಕುಣೀತಿದ್ರು. ನೀನು ಒಂಬತ್ತೂವರೆಗೆ ಆಕಳಿಸ್ತೆ.’

ಮಗಳ ವಿಷಯ ಬೇರೆ. ಅವಳು ಹೇಳಿಸಿಕೊಳ್ಳದೆ ಓದುವವಳು, ಆದ್ದರಿಂದ ಅವಳ ಬಗ್ಗೆ ನಮಗೆ ದುರಾಸೆ ಹೆಚ್ಚು. 2025ರ ಮೇ 2ರಂದು ಎಸ್ಸೆಸ್ಸೆಲ್ಸಿ ಫಲಿತಾಂಶ ಬಂತು. ಆ ವರ್ಷ ಇಡೀ ರಾಜ್ಯದ್ದು ಶೇಕಡಾ 66 ಚಿಲ್ಲರೆಗೆ ಕುಸಿದಿದ್ದರೂ ದಕ್ಷಿಣ ಕನ್ನಡ, ಉಡುಪಿಯ ಬೆನ್ನಿಗೆ 83.19 ಪಡೆದು ನಾವು ಮೂರನೆಯವರು. ನಾವು ಎಂದರೆ ಕರಾವಳಿಯವರು. ಕಂದಾಯ ಇಲಾಖೆಗೆ ಉತ್ತರ ಕನ್ನಡ ಒಂದೇ ಜಿಲ್ಲೆಯಾದರೂ ಶಿಕ್ಷಣ ಇಲಾಖೆಗೆ ಎರಡು. ಘಟ್ಟದ ಮೇಲಿನ ಶಿರಸಿಯ ಲೆಕ್ಕ ಬೇರೆ, ಆ ಸಲ ಅದಕ್ಕೆ ಏಳನೇ ಸ್ಥಾನ. ಶಿರಸಿಗೆ ಕೊಟ್ಟ ನನ್ನ ಅಕ್ಕನಿಗೆ ಇದನ್ನು ತಿಳಿಸುವುದು ತಮ್ಮನಾಗಿ ನನ್ನ ಕರ್ತವ್ಯವಾಗಿತ್ತು. ‘ಹೌದನ? 625ಕ್ಕೆ 625 ತಗಂಡವ್ರು ರಾಜ್ಯದಲ್ಲಿ 22 ಮಕ್ಕ. ಅದ್ರಲ್ಲಿ ಒಬ್ಬಳು ನಮ್ಮ ಶಿರಸಿ ಸರ್ಕಾರಿ ಶಾಲೆಯವ್ಳು. ನಿಂಗಳ ಹೊನ್ನಾವರದವ್ರು ಯಾರಿದ್ವ?’ ಎಂದು ಅಕ್ಕ ಫೋನಿಟ್ಟಳು. ಪರೀಕ್ಷೆ ಬರೆದ ಮಗಳು ಅಷ್ಟು ಹೊತ್ತೂ ಒಳಗೆ ಮಾವಿನಹಣ್ಣು ತಿನ್ನುತ್ತಿದ್ದಳು.

ಅವಳಿಗೆ ಬಂದದ್ದು 561. ಅಂದರೆ ಶೇಕಡಾ 89.76. ಯಾವ ಕೋನದಿಂದ ನೋಡಿದರೂ ಒಳ್ಳೆಯ ಅಂಕವೇ, ಪ್ರತಿಭಾ ಪುರಸ್ಕಾರದ ಕೋನ ಒಂದನ್ನು ಬಿಟ್ಟು. ನಮ್ಮ ಸಮಾಜದ ಸಂಘ ಪ್ರತಿವರ್ಷ ಶಾಲು ಹೊದೆಸುವುದು 90 ದಾಟಿದವರಿಗೆ. 563 ಆಗಿದ್ದರೆ ದಾಟುತ್ತಿತ್ತು. ಎರಡು ಮಾರ್ಕು! ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಉತ್ತರಪತ್ರಿಕೆಯ ನಕಲು ತರಿಸೋಣ, ಮರುಮೌಲ್ಯಮಾಪನಕ್ಕೆ ಹಾಕೋಣ, ಅದೂ ಆಗದಿದ್ದರೆ ಈಗ ಪರೀಕ್ಷೆ-2 ಎಂಬುದಿದೆ, ಪಾಸಾದವರೂ ಅಂಕ ಹೆಚ್ಚಿಸಿಕೊಳ್ಳಲು ಬರೆಯಬಹುದು ಎಂದೆಲ್ಲ ಮಂಡಿಸಿದೆ. ಮಗಳು ಸಮಾಧಾನವಾಗಿ ಕೇಳಿ, ‘ನಂಗೆ ಬೇಕಾದ್ದು ಕಾಮರ್ಸು. ಅದಕ್ಕೆ ಇಷ್ಟು ಧಾರಾಳ ಆಯ್ತು. ಶಾಲು ನಿಂಗೆ ಬೇಕಾ?’ ಎಂದಳು. ಹೆಂಡತಿ ಅಡುಗೆಮನೆಯಲ್ಲಿ ಜೋರಾಗಿ ಕೆಮ್ಮಿದಳು.

ಪುರಸ್ಕಾರದ ಸಮಾರಂಭಕ್ಕೆ ಹೋಗದೆ ಇರುವಂತಿರಲಿಲ್ಲ. ಪಕ್ಕದ ಮನೆಯ ಹುಡುಗನಿಗೆ 96 ಆಗಿತ್ತು. ಮಗನನ್ನೂ ಕರೆದೊಯ್ದೆ, ನೋಡಿಯಾದರೂ ಹುರುಪು ಬರಲಿ ಎಂದು. ವೇದಿಕೆಯ ಮೇಲೆ ಮಕ್ಕಳು ಸಾಲಾಗಿ ಕೂತಿದ್ದರು, ಹೆಚ್ಚಿನವರು ನಿದ್ದೆಗಣ್ಣಿನಲ್ಲಿ. ನಿರೂಪಕರು ಒಬ್ಬೊಬ್ಬರ ಹೆಸರಿನ ಮುಂದೆ ಶೇಕಡಾವಾರನ್ನು ದಶಾಂಶದ ಎರಡು ಸ್ಥಾನದವರೆಗೆ ಓದಿದರು. 95.84ರವಳು ಮುಂದೆ, 95.68ರವನು ಅವಳ ಹಿಂದೆ. ಶಾಲು, ಹಾರ, ಸ್ಮರಣಿಕೆ, ಫೋಟೋ. ಫೋಟೋಕ್ಕೆ ತಂದೆತಾಯಿಯರನ್ನೂ ವೇದಿಕೆಗೆ ಕರೆದರು. ಅಲ್ಲಿ ನಿಜವಾಗಿ ನಗುತ್ತಿದ್ದವರು ಅವರೇ. ಆಮೇಲೆ ಮುಖ್ಯ ಅತಿಥಿಗಳು ಎದ್ದು ಮುಕ್ಕಾಲು ಗಂಟೆ ಮಾತಾಡಿದರು. ಅಂಕವೇ ಜೀವನವಲ್ಲ, ಅಂಕಕ್ಕಿಂತ ಗುಣ ದೊಡ್ಡದು, ಪಾಲಕರು ಅಂಕದ ಹಿಂದೆ ಬೀಳಬಾರದು ಎಂದರು. ಜೋರು ಚಪ್ಪಾಳೆ.

‘ಅಪ್ಪಾ,’ ಮಗ ಕಿವಿಯಲ್ಲಿ ಕೇಳಿದ, ‘ಇದನ್ನ 90 ಆದವ್ರನ್ನ ಕರೆದು ಎಂತಕ್ಕೆ ಹೇಳ್ತ್ರು? ನನ್ನ ಕರೆದು ಹೇಳ್ಬೇಕಿತ್ತು.’

ಶಾಲು ಹೊದ್ದವರಲ್ಲಿ ಅರ್ಧಕ್ಕರ್ಧ ಜನ ಆಗಲೇ ಮಂಗಳೂರು, ಮೂಡುಬಿದಿರೆ ಕಡೆಯ ಹಾಸ್ಟೆಲ್ ಸೇರಿಯಾಗಿತ್ತು, ಸನ್ಮಾನಕ್ಕಾಗಿ ರಜೆ ಹಾಕಿ ಬಂದಿದ್ದರು. 89.76 ಮನೆಯಲ್ಲೇ ಇದೆ, ದಿನಾ ಸಂಜೆ ನನ್ನ ಪಾಲಿನ ಅವಲಕ್ಕಿಯನ್ನೂ ಮುಗಿಸುತ್ತದೆ.

ಮಗನಿಗೆ ಹುರುಪೇ ಇಲ್ಲವೆಂದರೆ ಸುಳ್ಳಾದೀತು. ಜೂನ್ ಬಂತೆಂದರೆ ಅವನ ಅಧ್ಯಯನ ನೋಡಬೇಕು. ಅರಬ್ಬಿ ಸಮುದ್ರದಲ್ಲಿ ವಾಯುಭಾರ ಎಲ್ಲಿ ಕುಸಿದಿದೆ, ಯಾವ ದಿನ ಆರೆಂಜ್, ಯಾವ ದಿನ ರೆಡ್ ಅಲರ್ಟ್, ಎಲ್ಲ ಬಾಯಿಪಾಠ. ರಾತ್ರಿ ಜಿಲ್ಲಾಧಿಕಾರಿಗಳ ರಜೆ ಆದೇಶ ವಾಟ್ಸಾಪಿನಲ್ಲಿ ಬಂದರೆ ನಾವು ನಂಬಿ ಅಲಾರಾಂ ತೆಗೆದುಬಿಡುತ್ತೇವೆ. ಅವನು ಕನ್ನಡಕದಂಗಡಿಯವನ ಹಾಗೆ ಕಣ್ಣು ಕಿರಿದು ಮಾಡಿ, ‘ಇದು ಹೋದ ವರ್ಷದ್ದು, ತಾರೀಕು ತಿದ್ದಿದಾರೆ. ನೋಡು, ಅಂಕೋಲಾ ಬಿಟ್ಟುಹೋಗಿದೆ’ ಎನ್ನುತ್ತಾನೆ. ಅವನ ಮಾತು ತಪ್ಪಿದ್ದಿಲ್ಲ. ಅದೇ ಜುಲೈಯ ಕಿರುಪರೀಕ್ಷೆಯಲ್ಲಿ ನೈಋತ್ಯ ಮಾನ್ಸೂನಿನ ಪ್ರಶ್ನೆಗೆ ಅರ್ಧ ಪುಟ ಖಾಲಿ ಬಿಟ್ಟು ಬಂದ. ಯಾಕೋ ಎಂದರೆ, ‘ಮಳೆ ಯಾಕೆ ಬರ್ತದೆ ಅಂತ ಕೇಳಿದ್ರು. ಯಾವಾಗ ಬರ್ತದೆ ಅಂತ ಕೇಳಿದ್ರೆ ಬರೀತಿದ್ದೆ.’

ಆ ಭಾನುವಾರವೂ ಎಂದಿನಂತೆ ಕುಮಟೆಯಿಂದ ಮಾವನವರ ಫೋನು ಬಂತು. ಮಗ ಸ್ಪೀಕರಿಗೆ ಹಾಕಿದ.

‘ಎಷ್ಟು ಬಿತ್ತೋ ತಮಾ?’

‘ನಮ್ಮಲ್ಲಿ ನಿನ್ನೆ 140 ಮಿಲಿಮೀಟರ್ ಅಜ್ಜಾ. ಅಲ್ಲಿ?’

ಆಚೆ ಕಡೆ ಒಂದು ಕ್ಷಣ ಮೌನ. ‘ಇಲ್ಲಿ ಅದ್ಕಿಂತ ಜಾಸ್ತಿಯೇ ಇರ್ಬೇಕು ಮಾರಾಯಾ,’ ಎಂದರು ಮಾವನವರು. ‘ಹಿತ್ತಲ ಬಾವಿ ಕಟ್ಟೆ ಸಮ ಬಂದಿದೆ. ಕೊಳೆ ಔಷಧಿ ಹೊಡೆಯೂಕೆ ಜನ ಸಿಗ್ತಾ ಇಲ್ಲ. ಎಲ್ಲಾ ಅಡಿಕೆ ಉದುರಿ ಹೋಗ್ತದೋ ಏನೋ. ನಿಮ್ಮ ಕೊನೆಗೌಡನ ನಂಬರ್ ಕೊಡು ನೋಡ್ವ.’